ನನ್ನ ಲೇಖನದ ಏಳು ಉಲ್ಲೇಖಗಳು

ಗೆಳೆಯರೇ, ಇವತ್ತು ಮಧುಗಿರಿ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಮಿಡಿಗೇಶಿಯ ತಿಮ್ಮಕ್ಕ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಮುಯ್ಯಾಳು ಪದ್ಧತಿ ಸತ್ತೇಹೋಯಿತೆಂದು, ಅವರನ್ನು ಮಾತಾಡಿಸಿಯೇ ಸಮಾಜಶಾಸ್ತ್ರದ ಜರ್ನಲ್‌ಗೆ ಲೇಖನ ಬರೆದಿದ್ದೆ.

“ಏಳು ಲೇಖನಗಳಲ್ಲಿ ನಮ್ಮ ಲೇಖನದ ಉಲ್ಲೇಖ ಬಂದಿದೆ ತಿಮ್ಮಕ್ಕ” ಎಂದು ಬೀಗಿದೆ.

“ಯಾರ್ ಬರ್ದವ್ರೆ ಮೇಷ್ಟ್ರೇ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ನಾಲ್ಕು ನಾನೇ ಬರೆದಿದ್ದು. ಮೂರು ನಮ್ಮ ಕಾಲೇಜಿನ ಗೆಳೆಯ. ಅವನ ಲೇಖನಾನ ನಾನೂ ಉಲ್ಲೇಖ ಮಾಡ್ತೀನಿ.”

“ಅಂಗಾರೆ ಮುಯ್ಯಾಳು ಎಲ್ ಸತ್ತೈತೆ? ನಿಮ್ ಕಾಲೇಜ್ಗೆ ಬಂದ್ಬುಟ್ಟೈತೆ! ಆದ್ರೆ ನಾವು ನಮ್ ಹೊಲಕ್ಕೆ ನಾವೇ ಹೋಗಿ ಮುಯ್ಯಾಳು ಅಂತಿರ್ಲಿಲ್ಲ ಬುಡಿ.”

ಅಕ್ಕಪಕ್ಕದವರೆಲ್ಲ ನಕ್ಕರು. ನಾನು ಕಿಟಕಿ ಕಡೆ ತಿರುಗಿದೆ.

ಜರ್ನಲ್‌ಗೆ ತಿದ್ದುಪಡಿ ಬರೆದು ಕಳಿಸಬೇಕು. ಅದನ್ನು ಉಲ್ಲೇಖಿಸುವವರು ಯಾರೆಂದು ಮಾತ್ರ ಕೇಳಬೇಡಿ.