ಮಂಗಳೂರಿನ ನೀರು ನೋಡಿದ್ದು

ನಮ್ಮ ಸಿಂಗಟಗೆರೆ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಊರಿಗೆ ಹೋಗಿ ನೀರು ನೋಡುತ್ತಿದ್ದರು. ಹುಡುಗನ ಬಣ್ಣ, ಸಂಬಳ ಎಲ್ಲ ಆಮೇಲೆ. ಅಪ್ಪನಂತೂ ಊರ ಕೆರೆಯ ತೂಬು ಎತ್ತಿ ಇಳಿಸುವ ನೀರುಗಂಟಿ. ಅವನ ಲೆಕ್ಕದಲ್ಲಿ ನೀರು ನಿಲ್ಲುವ ಊರು, ನಿಲ್ಲದ ಊರು ಎಂದು ಎರಡೇ ಜಾತಿ.

ಎಪ್ಪತ್ತರ ದಶಕದ ಕೊನೆಯಲ್ಲಿ ತಂಗಿಗೆ ಮಂಗಳೂರಿನ ಸಂಬಂಧ ಬಂತು. ಗಂಡಿನ ತಾಯಿಯ ತವರು ತರೀಕೆರೆ. ಮಗ ಬಂದರಿನಲ್ಲಿ ಗುಮಾಸ್ತ. ಅವನು ಹೆಣ್ಣು ನೋಡಿ ಹೋದ ದಿನದಿಂದ ತಂಗಿ ಕನ್ನಡಿ ಬಿಟ್ಟು ಅಲುಗಿರಲಿಲ್ಲ. ನಾನೂ ಅಪ್ಪನೂ ನೀರು ನೋಡಲು ಹೊರಟಾಗ ಬಸ್ಸಿನವರೆಗೂ ಬಂದು, "ಅಣ್ಣ, ಅಪ್ಪ ಏನಾರ ಕ್ಯಾತೆ ತೆಗುದ್ರೆ ನೀನೇ ನೋಡ್ಕೋ" ಎಂದಳು. ಕ್ಯಾತೆ ತೆಗೆಯುವುದರಲ್ಲಿ ಅಪ್ಪನದು ಎತ್ತಿದ ಕೈ.

ಗಂಡಿನ ಮನೆ ಸುಲ್ತಾನ್ ಬತ್ತೇರಿಯ ಹತ್ತಿರ, ನದಿಯ ದಡದಲ್ಲಿ. ಬೆಳಿಗ್ಗೆ ಹೋದಾಗ ನೀರು ತುಂಬಿ ತುಳುಕುತ್ತಿತ್ತು. ಅಪ್ಪನ ಮುಖವೂ ಅರಳಿತು. ಬತ್ತೇರಿಯನ್ನು ತೋರಿಸಿ, ಹಿಂದೆ ಶತ್ರುಗಳ ಹಡಗು ಸಮುದ್ರದಿಂದ ನದಿಯೊಳಕ್ಕೆ ನುಗ್ಗದಂತೆ ಕಟ್ಟಿದ ಕಾವಲು ಕೋಟೆ ಇದು ಎಂದು ಹುಡುಗ ಉತ್ಸಾಹದಿಂದ ವಿವರಿಸಿದ. ಅಪ್ಪ ಬತ್ತೇರಿ ಹತ್ತಿ, ಫಿರಂಗಿಯ ಕಿಂಡಿಗಳಲ್ಲಿ ಒಂದೊಂದಾಗಿ ತಲೆ ತೂರಿಸಿ ತೂಬು ಹುಡುಕಿದ. ಅದು ಸಿಗದಿದ್ದರೂ ಕಟ್ಟಡ ಭದ್ರವಾಗಿದೆ ಎಂದು ಕಲ್ಲು ತಟ್ಟಿ ಮೆಚ್ಚಿಕೊಂಡ.

ಮಧ್ಯಾಹ್ನ ಒಳಗೆ ಮಾತುಕತೆ ಮುಗಿಸಿ ಹೊರಗೆ ಬಂದರೆ ನೀರು ದೂರ ಸರಿದಿತ್ತು. ದಡದ ತುಂಬ ಕೆಸರು, ಅದರ ಮೇಲೆ ದೋಣಿಗಳು ಮಗ್ಗುಲಾಗಿ ಬಿದ್ದಿದ್ದವು. ಅಪ್ಪ ನನ್ನನ್ನು ಪಕ್ಕಕ್ಕೆ ಎಳೆದುಕೊಂಡ. ಏರಿ ಎಲ್ಲೋ ಒಡೆದಿದೆ, ಈ ಜನಕ್ಕೆ ಪರಿವೆಯೇ ಇಲ್ಲ, ಬೆಳಿಗ್ಗೆ ಇದ್ದ ನೀರನ್ನು ಮಧ್ಯಾಹ್ನದವರೆಗೆ ಕಾಯಲಾರದವರು ನಮ್ಮ ಹುಡುಗಿಯನ್ನು ಏನು ಕಾಯುತ್ತಾರೆ, ನಡಿ ಹೋಗೋಣ ಎಂದ. ಕಡೂರಿನಲ್ಲಿ ಮೇಷ್ಟ್ರಾಗಿದ್ದ ನಾನು ಗಂಟಲು ಸರಿಮಾಡಿಕೊಂಡು ಭೂಮಿ, ಚಂದ್ರ, ಸೆಳೆತ ಎಂದು ಪಾಠ ಶುರು ಮಾಡಿದೆ.

"ಚಂದ್ರ ಬಂದು ತೂಬು ಎತ್ತುತಾನೇನೋ?" ಎಂದು ಅಪ್ಪ ಕೈಚೀಲ ಎತ್ತಿಕೊಂಡ.

ತಂಗಿಯ ಪುಣ್ಯಕ್ಕೆ ಆ ಹೊತ್ತಿನಲ್ಲಿ ನಮ್ಮ ಕಡೆಗೆ ಬಸ್ಸಿರಲಿಲ್ಲ. ಅಪ್ಪ ನನಗೆ ಬೆನ್ನು ಮಾಡಿ, ಕೆಸರಿಗೆ ಮುಖ ಮಾಡಿ ದಡದ ಕಲ್ಲಿನ ಮೇಲೆ ಕೂತ. ಊರಿಗೆ ಹೋಗಿ ಆ ಹುಡುಗಿಗೆ ಏನೆಂದು ಹೇಳುವುದು?

ಬಿಸಿಲು ಇಳಿಯುವ ಹೊತ್ತಿಗೆ ಕೆಸರಿನ ಮೇಲೆ ನೀರು ಹರಿದು ಬರತೊಡಗಿತು. ಬಿದ್ದಿದ್ದ ದೋಣಿಗಳು ಒಂದೊಂದೇ ಎದ್ದವು. ಅಪ್ಪನೂ ಎದ್ದು ನಿಂತ. ಮಳೆಯಿಲ್ಲದೆ, ಕಾಲುವೆಯಿಲ್ಲದೆ, ಹೋದ ನೀರು ತಾನಾಗಿ ವಾಪಸ್ಸು ಬಂದದ್ದನ್ನು ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಗಂಡಿನ ತಾಯಿ ಬಂದು, ಇದು ದಿನಾ ಹೀಗೇ, ಹೋಗುತ್ತೆ, ಬರುತ್ತೆ, ಮದುವೆಯಾಗಿ ಬಂದ ಹೊಸದರಲ್ಲಿ ತಾವೂ ಹೆದರಿದ್ದುಂಟು ಎಂದರು.

ಅಪ್ಪ ಕೈಚೀಲವನ್ನು ಕಲ್ಲಿನ ಮೇಲೆ ಇಟ್ಟ. ನೀರನ್ನೇ ನೋಡುತ್ತ, ಅವರ ಕಡೆ ತಿರುಗದೆಯೇ ಕೇಳಿದ:

"ನಮ್ಮುಡ್ಗೀನ ತವರಿಗೆ ಎಷ್ಟು ದಿನಕ್ಕೊಂದ್ಸಲ ಕಳಿಸ್ತೀರವ್ವಾ?"