ತಲೆಯ ಮೇಲೆ ಹೊರೆ, ಹಿಂದೆ ಸೀಟಿ

ಹೋದ ಶನಿವಾರ ಸುಣ್ಣದ ಪುಡಿಯ ಡಬ್ಬಿ ಹಿಡಿದು ಗುಡ್ಡ ಹತ್ತುತ್ತಿದ್ದಾಗ ಸೀತಾಫಲದ ಎಲೆಗಳು ತೋಳಿಗೆ ಉಜ್ಜಿ, ಅವುಗಳ ಘಾಟು ಮೂಗಿಗೆ ಬಡಿಯಿತು. ಆಡು ಕೂಡ ಬಾಯಿ ಹಾಕದ ಎಲೆ ಅದು. ಆ ವಾಸನೆ ಬಂದರೆ ಸಾಕು, ಮೈಮೇಲೆ ಖಾಕಿ ಇದೆ ಎಂಬುದನ್ನೂ ಮರೆತು ನನ್ನ ಕಾಲು ಓಡಲು ಅಣಿಯಾಗುತ್ತದೆ...

ಬೀದರಿನಲ್ಲಿ ಈಗ ಬೆಳಿಗ್ಗೆ ಎದ್ದು ಓಡುವವರ ಒಂದು ಗುಂಪಿದೆ. ಡಾಕ್ಟರರು, ಮಾಸ್ತರರು, ಬ್ಯಾಂಕಿನವರು. ಅವರು ನಮ್ಮ ರಿಸರ್ವ್ ಕಾಡಿನೊಳಗೆ ಒಂದು ಭಾನುವಾರದ ಓಟಕ್ಕೆ ಅನುಮತಿ ಪಡೆದಿದ್ದರು. ದಾರಿ ಗುರುತು ಹಾಕುವ ಕೆಲಸ ಅರಣ್ಯ ಇಲಾಖೆಯ ಗಾರ್ಡ್ ಆದ ನನ್ನ ಪಾಲಿಗೆ ಬಂತು. ಸುಲ್ತಾನರ ಕಾಲದ ಗುಂಬಜು, ಮೆಟ್ಟಿಲ ಬಾವಿ, ಮುರಿದ ಕಲ್ಲುಗೋಡೆ ಎಲ್ಲವೂ ದಾರಿಯಲ್ಲಿ ಸಿಗಬೇಕು, ಆದರೆ ಮೊಣಕಾಲು ಉಳಿಯಬೇಕು ಎಂದು ಅವರು ಕೇಳಿದ್ದರು. ನಾನು ನಕಾಶೆ ಬಿಚ್ಚಲೇ ಇಲ್ಲ. ಅಲ್ಲಿನ ದಾರಿಗಳನ್ನು ನನಗೆ ಕಲಿಸಿದ್ದು ಇಲಾಖೆಯಲ್ಲ, ನಮ್ಮ ಗಲ್ಲಿಯ ಮೌಶಿ. ಅದೂ ಇಲಾಖೆಯವರ ಕೈಗೆ ಸಿಗದೆ ಓಡಿಹೋಗಲಿಕ್ಕೆ.

ಅವು ಬರದ ವರ್ಷಗಳು. ಔರಾದ ಕಡೆಯ ನಮ್ಮ ಡಾಬಕಾದಲ್ಲಿ ಬಾವಿ ಬತ್ತಿ, ಕುರಿ ಮಾರಿ, ಅಪ್ಪ ಅವ್ವ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ನಾನು ಬೀದರಿನ ಕಾಲೇಜಿನಲ್ಲಿದ್ದೆ. ನನ್ನ ಓದು ನಿಲ್ಲಬಾರದೆಂದು ಗುಡ್ಡದ ಬುಡದ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದು ಕೊಟ್ಟು ಹೋದರು. ಪಕ್ಕದ ಮನೆ ಮೌಶಿಯದು. ನಮ್ಮ ಕಡೆ ಚಿಕ್ಕಮ್ಮನಿಗೆ ಮೌಶಿ ಅನ್ನುತ್ತಾರೆ; ಆಕೆ ಇಡೀ ಗಲ್ಲಿಗೆ ಮೌಶಿ. ಊರು ಭಾತಂಬ್ರಾ. ಅದಕ್ಕೂ ಹಿಂದಿನ ಒಂದು ಬರದಲ್ಲಿ ಗಂಡನ ಜೊತೆ ಬೀದರಿಗೆ ಬಂದವಳು ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದಳು. ಗುಡ್ಡದಿಂದ ಒಣ ಕಟ್ಟಿಗೆ ತಂದು ಖಾನಾವಳಿಗಳಿಗೆ ಹಾಕುವುದು ಆಕೆಯ ಕೆಲಸ.

ಮೊದಲ ದಿನವೇ ನಾನು ಹಳೆ ನೋಟ್‌ಬುಕ್ಕಿನ ಹಾಳೆ ಸುಟ್ಟು ಅನ್ನ ಮಾಡಲು ಹೋಗಿ ಕೋಣೆಯ ತುಂಬ ಹೊಗೆ ಎಬ್ಬಿಸಿದ್ದೆ. ಮೌಶಿ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಓದಿದವರ ಅನ್ನಕ್ಕೆ ಅಕ್ಷರದ ಉರಿಯೇ ಬೇಕೇನೋ ಎಂದು ಗಲ್ಲಿಗೆಲ್ಲ ಕೇಳುವಂತೆ ಹೇಳಿದಳು. ನನಗೆ ಸಿಟ್ಟು ಬಂತು. ಮರುದಿನ ನಸುಕಿನಲ್ಲಿ ಒಂದು ಹಗ್ಗ, ಹೊರೆಯಡಿ ತಲೆಗಿಡುವ ಒಂದು ಸಿಂಬೆ ನನ್ನ ಕೈಗಿಟ್ಟು ಗುಡ್ಡಕ್ಕೆ ಕರೆದುಕೊಂಡು ಹೋದಳು.

ಆಕೆ ಹಸಿ ಗಿಡಕ್ಕೆ ಕುಡಗೋಲು ತಾಗಿಸಿದವಳಲ್ಲ. ಕೊಂಬೆ ಮುರಿದಾಗ ಚಟ್ ಅನ್ನಬೇಕು, ಅನ್ನದಿದ್ದರೆ ಅದನ್ನು ಅಲ್ಲೇ ಬಿಡುತ್ತಿದ್ದಳು. ಆದರೂ ರಿಸರ್ವ್ ಎಂದರೆ ರಿಸರ್ವ್. ಒಣಗಿದ್ದೂ ಸರಕಾರದ್ದೇ. ಗಾರ್ಡ್ ಸಾಹೇಬರ ಸೀಟಿ ಕೇಳಿದರೆ ಹೆಂಗಸರೆಲ್ಲ ಹೊರೆ ಸಮೇತ ದಿಕ್ಕಾಪಾಲು. ಸಿಕ್ಕಿಬಿದ್ದರೆ ಕುಡಗೋಲು, ಹಗ್ಗ, ಕಟ್ಟಿಗೆ ಎಲ್ಲ ಹೋಯಿತು. ನಾನು ಮೊದಲ ಸಲ ಸೀಟಿ ಕೇಳಿದಾಗ ಹೊರೆ ಎಸೆದು ನೇರ ಇಳಿಜಾರಿಗೆ ಬಿದ್ದೆ. ಎರಡೂ ಮೊಣಕಾಲು ತರಚಿತು. ಮೌಶಿ ತನ್ನ ಹೊರೆ ಹೊತ್ತು ಆರಾಮವಾಗಿ ಬಂದು ನನ್ನ ಪಕ್ಕ ನಿಂತಳು.

“ಹೆದರಿ ಓಡಬ್ಯಾಡ ಹುಡುಗಿ, ಹೆದರಿ ಓಡಿದವ್ರು ಬೀಳ್ತಾರ. ಮನ್ಯಾಗ ಹಿಟ್ಟು ಕಲಸಿಟ್ಟು ಬಂದೀನಿ ಅಂತ ತಿಳ್ಕೊಂಡು ಓಡು. ಮತ್ತ ಹೊರಿ ಎಂದೂ ಬಿಡಬ್ಯಾಡ.”

ಅಲ್ಲಿಂದ ನನ್ನ ಪಾಠ ಶುರುವಾಯಿತು. ಸೀಟಿ ಕೆಳಗಿನ ಗೇಟಿನಿಂದ ಬಂದರೆ ಗುಂಬಜಿನ ಹಿಂದಿನ ದಾರಿ. ಮೇಲಿನಿಂದ ಬಂದರೆ ಮೆಟ್ಟಿಲ ಬಾವಿಯ ಬಳಸುದಾರಿ. ಎರಡೂ ಕಡೆಯಿಂದ ಬಂದರೆ ಮುರಿದ ಗೋಡೆಯ ಸಂದಿ, ಅಲ್ಲಿ ಹೊರೆಯನ್ನು ಅಡ್ಡ ತಿರುಗಿಸಿ ನುಸುಳಬೇಕು. ಒಂದು ದಾರಿಯೂ ಗುಡ್ಡವನ್ನು ನೇರ ಹತ್ತುತ್ತಿರಲಿಲ್ಲ, ಎಲ್ಲವೂ ಸುತ್ತು ಹಾಕಿ ಏರುತ್ತಿದ್ದವು. ಕುರಿ ಕಾಯ್ದ ಮನೆಯವಳು ನಾನು, ನೋಡಿದ ಕೂಡಲೇ ತಿಳಿಯಿತು: ಇವು ಕುರಿಗಳು ತುಳಿದು ಮಾಡಿದ ದಾರಿಗಳು. ಏರುವಾಗ ಮೇಲೆ ನೋಡಬಾರದು, ಇಳಿಯುವಾಗ ಪಾದ ಅಡ್ಡ ಇಡಬೇಕು, ಎಡಗೈ ಸದಾ ಹೊರೆಯ ಮೇಲಿರಬೇಕು. ಕಾಲೇಜಿನಲ್ಲಿ ನಾನು ಏನು ಕಲಿತೆನೋ ಈಗ ನೆನಪಿಲ್ಲ. ಇದು ಮರೆತಿಲ್ಲ.

ಡಿಗ್ರಿ ಮುಗಿಯುವ ಹೊತ್ತಿಗೆ ಗಾರ್ಡ್ ಹುದ್ದೆಗಳಿಗೆ ಅರ್ಜಿ ಕರೆದರು. ಓಟದ ಪರೀಕ್ಷೆ ಇತ್ತು. ನನಗೆ ಆ ನೌಕರಿ ಬೇಕೇ ಬೇಕಿತ್ತು. ಅದು ಸಿಕ್ಕರೆ ಅವ್ವ ತಲೆಯ ಮೇಲಿನ ಸಿಮೆಂಟಿನ ಬುಟ್ಟಿ ಇಳಿಸಿ ಊರಿಗೆ ಬರುತ್ತಾಳೆ ಎಂಬ ಒಂದೇ ಯೋಚನೆ. ಆದರೆ ಮೌಶಿಗೆ ಹೇಗೆ ಹೇಳುವುದು? ನಾಲ್ಕು ದಿನ ನುಂಗಿಕೊಂಡು ಐದನೇ ದಿನ ಹೇಳಿಬಿಟ್ಟೆ.

“ಅಂದ್ರ ನನ್ನ ಹಿಡೀಲಾಕ ನನ್ನ ಕಡಿಂದೇ ಓಡಾದು ಕಲೀತಿ ಏನು?” ಎಂದಳು. ನನಗೆ ಅಳು ಬಂತು. ಆಕೆ ಮಾತ್ರ ಮರುದಿನದಿಂದ ನನ್ನ ಹೊರೆಗೆ ಎರಡು ದಪ್ಪ ಕೊರಡು ಹೆಚ್ಚಿಗೆ ಕಟ್ಟತೊಡಗಿದಳು.

ಪರೀಕ್ಷೆಯ ದಿನದ ಕಥೆ ಇಲಾಖೆಯಲ್ಲಿ ಇವತ್ತಿಗೂ ನಗೆಯ ಮಾತು. ಸೀಟಿ ಊದಿದ್ದೇ ತಡ, ಉಳಿದವರು ಹೆಜ್ಜೆ ಎತ್ತುವ ಮೊದಲೇ ನಾನು ಅರ್ಧ ಮೈದಾನ ದಾಟಿದ್ದೆ. ಎಡಗೈ ತಲೆಯ ಮೇಲೆ, ಇಲ್ಲದ ಹೊರೆಯನ್ನು ಹಿಡಿದುಕೊಂಡೇ ಇತ್ತು. ಕೊನೆಯ ಗೆರೆ ದಾಟಿದಾಗ ನಿಲ್ಲಿಸಲೆಂದು ಇನ್ನೊಮ್ಮೆ ಸೀಟಿ ಊದಿದರು. ಅದನ್ನು ಕೇಳಿ ನಾನು ಇನ್ನೂ ಜೋರಾಗಿ ಓಡಿ ಮೈದಾನದ ಗೇಟು ದಾಟಿ ರಸ್ತೆಗೇ ಹೋದೆ. ಮೌಶಿಗೆ ಹೇಳಿದಾಗ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನೌಕರಿ ಅದೇ ಗುಡ್ಡದಲ್ಲೇ ಸಿಕ್ಕಿತು. ನಮ್ಮನ್ನು ಓಡಿಸುತ್ತಿದ್ದ ಅದೇ ಗಾರ್ಡ್ ಸಾಹೇಬರು ಈಗ ನನ್ನ ಹಿರಿಯರು, ನಿವೃತ್ತಿಯ ಹತ್ತಿರ ಬಂದಿದ್ದರು. ಒಂದು ದಿನ ಧೈರ್ಯ ಮಾಡಿ, ಅಷ್ಟು ವರ್ಷ ಮೌಶಿ ನಿಮ್ಮ ಕೈಗೆ ಸಿಗಲೇ ಇಲ್ಲವಲ್ಲ ಸರ್, ಎಂದು ಕೇಳಿದೆ.

“ಹಿಡಿಯಾವ ಎಂದಾರ ಸೀಟಿ ಊದ್ತಾನೇನವ್ವ?” ಎಂದರು ಅವರು. “ಹಸಿ ಗಿಡ ಕಡಿಯವ್ರ ಹಿಂದ ನಾ ಸೀಟಿ ಊದಿಲ್ಲ. ಸುಮ್ನ ಹೋಗಿ ಹಿಡದೀನಿ.”

ಅವರು ನಿವೃತ್ತರಾದ ತಿಂಗಳಲ್ಲೇ ಹೊಸ ಮೇಲಧಿಕಾರಿ ಬಂದರು. ಕಟ್ಟುನಿಟ್ಟಿನ ಮನುಷ್ಯ. ಕಟ್ಟಿಗೆಯವರನ್ನು ಹಿಡಿದು ತರಲೇಬೇಕೆಂದು ಹೇಳಿ, ಒಂದು ಬೆಳಿಗ್ಗೆ ಕೆಳಗಿನ ಗೇಟಿನಲ್ಲಿ ಜೀಪಿನ ಬಳಿ ತಾವೇ ನಿಂತರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅಪ್ಪ ಅವ್ವ ಹೈದರಾಬಾದಿನಿಂದ ಬಂದು ಡಾಬಕಾದ ಮನೆಯ ಬೀಗ ತೆಗೆದು ಎರಡು ತಿಂಗಳಾಗಿತ್ತು. ನಾನು ಗುಂಬಜಿನ ಪಕ್ಕ ಬಂದಾಗ ಕೆಳಗೆ ಸೀತಾಫಲದ ಗಿಡಗಳ ನಡುವೆ ಚಟ್ ಎಂದ ಸದ್ದು ಕೇಳಿತು. ಮೌಶಿಯೇ. ಸುಮ್ಮನೆ ಹೋಗಿ ಗೋಡೆಯ ಸಂದಿಯಲ್ಲಿ ನಿಂತಿದ್ದರೆ ಆಕೆ ತಾನಾಗಿ ನನ್ನ ಕೈಗೆ ಬರುತ್ತಿದ್ದಳು...

ನಾನು ಸೀಟಿ ತೆಗೆದು ಉದ್ದಕ್ಕೆ ಊದಿದೆ.

ಆಕೆ ಹೊರೆ ಎತ್ತಿ ಓಡಿದಳು. ಆದರೆ ಆ ಓಟ ಹಿಂದಿನದಲ್ಲ, ಒಂದು ಕಾಲು ಎಳೆಯುತ್ತಿತ್ತು. ಕೆಳಗಿನಿಂದ ಸಾಹೇಬರು ನೋಡುತ್ತಿದ್ದರು, ಹಾಗಾಗಿ ನಾನೂ ಬೆನ್ನಟ್ಟಲೇಬೇಕಾಯಿತು. ಎಷ್ಟು ನಿಧಾನ ಓಡಿದರೂ ನಮ್ಮ ನಡುವಿನ ದೂರ ಕಡಿಮೆಯಾಗುತ್ತಲೇ ಇತ್ತು. ಮುರಿದ ಗೋಡೆಯ ಬಳಿ ಬಂದು ಆಕೆ ನಿಂತಳು, ತಿರುಗಿದಳು. ಏದುಸಿರು. ಮುಖದಲ್ಲಿ ಮಾತ್ರ ಸಿಟ್ಟು.

“ಹಿಂಗ ಆಮಿ ಓಡಿದಾಂಗ ಓಡಿದ್ರ ಸಾಹೇಬ್ರಿಗಿ ತಿಳಿಯಂಗಿಲ್ಲೇನು? ನಾ ಇಷ್ಟೇ ಕಲಿಸೀನೇನು ನಿನಗ?”

ಆಮೇಲೆ ಎರಡೂ ಕೈಯಿಂದ ಹೊರೆಯನ್ನು ಮೆಲ್ಲಗೆ ಇಳಿಸಿ ಗೋಡೆಗೆ ಒರಗಿಸಿದಳು. “ಇದು ಒಯ್ದು ತೋರ್ಸು. ಹೊಸಾ ನೌಕರಿ ಅದ ನಿಂದು.” ಕುಡಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿದಾದ ತಲೆಯ ಮೇಲೆ ಸೆರಗು ಎಳೆದುಕೊಂಡು, ಸಂದಿಯಲ್ಲಿ ನುಸುಳಿ ಹೋದಳು. ಇಷ್ಟು ವರ್ಷಗಳಲ್ಲಿ ಆಕೆ ಹೊರೆ ಬಿಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೊರೆಯನ್ನು ಜೀಪಿನ ಬಳಿ ಇಳಿಸಿ, ಹೆಂಗಸು ಓಡಿಹೋದಳು ಸರ್, ಎಂದು ಸಾಹೇಬರಿಗೆ ಹೇಳಿದೆ. ಸುಳ್ಳೇನಲ್ಲ. ಸಂಜೆ ಕ್ಷಮೆ ಕೇಳೋಣವೆಂದು ಅವಳ ಮನೆಗೆ ಹೋದರೆ ಕೇಳಲು ಬಿಡಲೇ ಇಲ್ಲ. ರೊಟ್ಟಿ ಬಡಿಯುತ್ತ, ಏರಿನಲ್ಲಿ ನನ್ನ ಹೆಜ್ಜೆ ಎಲ್ಲೆಲ್ಲಿ ತಪ್ಪಿತು ಎಂದು ಒಂದೊಂದಾಗಿ ಹೇಳುತ್ತ ಕೂತಳು. ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಖಾನಾವಳಿಗಳಿಗೆ ಗ್ಯಾಸ್ ಬಂದ ಮೇಲೆ ಮೌಶಿ ಭಾಲ್ಕಿಯ ಮಗಳ ಮನೆ ಸೇರಿದಳು. ಹೋದಾಗಲೆಲ್ಲ ಗುಡ್ಡದ ಸುದ್ದಿಯನ್ನೇ ಕೇಳುತ್ತಿದ್ದಳು. ಆಕೆ ತೀರಿಕೊಂಡ ಸುದ್ದಿ ಬಂದಾಗ ನಾನು ಕಾಡಿನಲ್ಲಿ ಬೆಂಕಿ ಆರಿಸುತ್ತಿದ್ದೆ. ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆಕೆಯ ಹಿಂದೆ ಅಷ್ಟು ಓಡಿದ ನಾನು ಅವತ್ತು ಮಾತ್ರ ಹೊತ್ತಿಗೆ ಮುಟ್ಟಲಿಲ್ಲ ಎಂಬ ಕೊರಗು ಇದೆ.

ಭಾನುವಾರ ಓಟ ಚೆನ್ನಾಗಿ ನಡೆಯಿತು. ಮುರಿದ ಗೋಡೆಯ ಬಳಿ, ಆಕೆ ಹೊರೆ ಇಳಿಸಿದ್ದ ಜಾಗದಲ್ಲೇ ನೀರಿನ ಮೇಜು ಇಡಿಸಿದ್ದೆ. ಇಷ್ಟು ಹದವಾದ ದಾರಿ ಯಾರು ಮಾಡಿದ್ದು ಮೇಡಂ, ಎಂದು ಒಬ್ಬ ಡಾಕ್ಟರರು ಮುಗಿದ ಮೇಲೆ ಕೇಳಿದರು. ನಮ್ಮ ಮೌಶಿ ಎಂದೆ. ಹಿಂದೆ ಯಾರೂ ಇಲ್ಲ, ತಲೆಯ ಮೇಲೆ ಏನೂ ಇಲ್ಲ, ಆದರೂ ಇಷ್ಟು ಜನ ಓಡುವುದನ್ನು ಆಕೆ ನೋಡಬೇಕಿತ್ತು. ಅದೆಷ್ಟು ನಗುತ್ತಿದ್ದಳೋ...

ಓಟ ಶುರು ಮಾಡಲು ಸೀಟಿ ಊದಿದ್ದು ನಾನೇ. ಎಲ್ಲರೂ ಗುಂಬಜಿನ ಕಡೆ ತಿರುಗಿ ಮರೆಯಾದ ಮೇಲೆ, ಪಕ್ಕದಲ್ಲಿದ್ದ ಹೊಸ ಗಾರ್ಡ್ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಮೇಡಂ, ತಲೆ ನೋಯುತ್ತಿದೆಯೇ ಎಂದು ಕೇಳಿದಳು. ಆಗ ಗೊತ್ತಾಯಿತು, ನನ್ನ ಎಡಗೈ ತಲೆಯ ಮೇಲಿತ್ತು.