ಚಿವುಟಿದ್ದು ನಾನಲ್ಲ

ಆಗಿನ ದಿನಗಳೇ ಚೆನ್ನ ಎಂದು ನಿಟ್ಟುಸಿರು ಬಿಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಶಿಡ್ಲಘಟ್ಟದ ಹತ್ತಿರದ ನಮ್ಮೂರಲ್ಲಿ ಮನೆಮನೆಯಲ್ಲೂ ರೇಷ್ಮೆ ಹುಳು. ನನಗೆ ಹನ್ನೊಂದು, ತಮ್ಮ ಸೀನನಿಗೆ ಆರು. ಶಾಲೆ ಬಿಟ್ಟ ಕೂಡಲೇ ಹಿಪ್ಪುನೇರಳೆ ತೋಟಕ್ಕೆ ನುಗ್ಗಿ, ಹಣ್ಣಿಗಾಗಿ ಕಿತ್ತಾಡಿ, ಒಬ್ಬರಿಗೊಬ್ಬರು ಗುದ್ದಿಕೊಂಡು, ಬಾಯಿ ಕೈ ಅಂಗಿಯೆಲ್ಲ ನೇರಳೆ ಮಾಡಿಕೊಂಡು ಬರುತ್ತಿದ್ದೆವು.

ಆ ಬೇಸಿಗೆಯಲ್ಲಿ ಸೀನನ ಮೊಣಕಾಲ ಕೆಳಗೆ ಒಂದು ಕಲೆ ಕಂಡಿತು. ಹಣ್ಣಿನದೇ ಎಂದುಕೊಂಡು ಅಮ್ಮ ಸೋಪು ಹಚ್ಚಿ ನಾರಿನಲ್ಲಿ ಉಜ್ಜಿದಳು. ಹೋಗಲಿಲ್ಲ. ಮಾರನೇ ದಿನ ಎಡತೋಳಿನಲ್ಲಿ ಇನ್ನೊಂದು. ನಮ್ಮ ಜೊತೆಯಲ್ಲೇ ಇದ್ದ ದೊಡ್ಡಮ್ಮ ಅವನ ತೋಳು ಹಿಡಿದು ನೋಡಿದಳು.

"ಇದು ಹಣ್ಣಿಂದಲ್ಲ ಕಣೇ, ಚಿವುಟಿರೋದು. ಈ ರಾಕ್ಷಸಿದೇ ಕೆಲಸ."

"ನಾನು ಚಿವುಟಿಲ್ಲ ದೊಡ್ಡಮ್ಮ!"

"ಮತ್ತೇನು, ಗಾಳಿ ಬಂದು ಚಿವುಟ್ತಾ?"

"ಅಕ್ಕ ಚಿವುಟಿಲ್ಲ" ಎಂದು ಸೀನನೂ ಹೇಳಿದ. ನಾನೇ ಹೆದರಿಸಿ ಹೇಳಿಸಿದೆ ಎಂದು ನನಗೆ ಏಟು ಬಿತ್ತು. ಅಲ್ಲಿಂದಾಚೆ ಒಂದೊಂದು ಕಲೆಗೂ ಅಪ್ಪ ಹಿಪ್ಪುನೇರಳೆ ಕಡ್ಡಿಯಲ್ಲಿ ಬಾರಿಸಿದ. ಅಮ್ಮ ನೋಡಿಕೊಂಡು ಸುಮ್ಮನಿದ್ದಳು. ಅದನ್ನು ನಾನಿನ್ನೂ ಕ್ಷಮಿಸಿಲ್ಲ.

ಆಮೇಲೆ ಸೀನನಿಗೆ ಜ್ವರ ಹಿಡಿಯಿತು. ಹಲ್ಲುಜ್ಜಿದರೆ ರಕ್ತ. ಆಟಕ್ಕೆ ಕರೆದರೆ "ಕಾಲು ನೋಯ್ತದಕ್ಕ" ಎಂದು ಮಲಗಿಬಿಡುತ್ತಿದ್ದ. ಅದೇ ಹೊತ್ತಿಗೆ ಹುಳುಗಳೂ ನಾಲ್ಕನೇ ಜ್ವರದಲ್ಲಿದ್ದವು. ಹುಳು ಸೊಪ್ಪು ಬಿಟ್ಟು, ಅಲ್ಲಾಡದೆ ಇದ್ದು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ.

"ಹುಳು ಹಣ್ಣಾಗಿ ಗೂಡು ಕಟ್ಲಿ, ಆಮೇಲೆ ದೊಡ್ಡಾಸ್ಪತ್ರೆಗೆ ಹೋಗಣ. ಈಗ ಹೋದ್ರೆ ಸೊಪ್ಪು ಹಾಕೋರ್ಯಾರು? ಮಕ್ಕಳಿಗೆ ಜ್ವರ ಬರಲ್ವಾ?" ಎಂದಳು ದೊಡ್ಡಮ್ಮ. ಎಲ್ಲರೂ ತಲೆಯಾಡಿಸಿದರು. ಥೂ! ಹುಳುವಿನ ಜ್ವರಕ್ಕೆ ಮನೆಗೆ ಮನೆಯೇ ಉಸಿರು ಬಿಗಿಹಿಡಿದು ಕಾಯುತ್ತಿತ್ತು.

ಸೀನನ ಮೂಗಿನಲ್ಲಿ ಸುರಿದ ರಕ್ತ ನಿಲ್ಲದೇ ಹೋದಾಗ ಬೆಂಗಳೂರಿಗೆ ಓಡಿದರು. ಅವನು ನನ್ನ ಕೈ ಬಿಡಲಿಲ್ಲವಾದ್ದರಿಂದ ನನ್ನನ್ನೂ ಕರೆದೊಯ್ದರು. ಡಾಕ್ಟರಮ್ಮ ಅಂಗಿ ಬಿಚ್ಚಿಸಿ ನೋಡಿ, "ಈ ಕಲೆಗಳು ಯಾವಾಗಿಂದ?" ಎಂದರು. ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು.

ನಾನು ಹೇಳಿದೆ. ಮೊದಲನೆಯದು ಪರೀಕ್ಷೆ ಮುಗಿದ ದಿನ, ಮಾರನೇ ದಿನ ಎಡತೋಳು, ಸಂತೆಯ ದಿನ ಬೆನ್ನು, ಹೀಗೆ ಒಂದನ್ನೂ ಬಿಡದೆ.

"ಇಷ್ಟು ಸರಿಯಾಗಿ ಹೆಂಗೆ ನೆನಪಿದೆಯಮ್ಮ ನಿಂಗೆ?"

"ಎಲ್ಲದಕ್ಕೂ ನಂಗೇ ಹೊಡೆದಿದ್ದು."

ಅವರು ಅಪ್ಪನನ್ನು ನೋಡಿದ ನೋಟ ನನಗೆ ಈಗಲೂ ತಂಪು.

ರಕ್ತ ಪರೀಕ್ಷೆ ಮಾಡಿದರು. ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದರು. ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ದಿನ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿ ಹೇಳಿದರು: "ರಕ್ತ ಹುಟ್ಟೋದು ಮೂಳೆಯೊಳಗೆ. ಅಲ್ಲಿ ಕೆಟ್ಟ ಕಣ ತುಂಬ್ಕೊಂಡಿವೆ. ರಕ್ತ ನಿಲ್ಲಿಸೋ ಕಣಗಳು ಕಮ್ಮಿಯಾಗಿ, ಯಾರೂ ಮುಟ್ಟದಿದ್ರೂ ಹೀಗೆ ಕಲೆ ಬೀಳುತ್ತೆ. ಯಾರೂ ಚಿವುಟಿಲ್ಲ. ಇದು ಅಂಟೋ ಕಾಯಿಲೆನೂ ಅಲ್ಲ. ಹೆಚ್ಚಿನ ಮಕ್ಕಳಲ್ಲಿ ವಾಸಿಯಾಗುತ್ತೆ, ಆದ್ರೆ ಔಷಧಿ ಮಧ್ಯದಲ್ಲಿ ಬಿಡಬಾರದು."

ಹೊರಗೆ ಬಂದು ಅಪ್ಪ ನನಗೊಂದು ಬನ್ನು ಕೊಡಿಸಿದ. ತಪ್ಪಾಯಿತು ಎನ್ನಲಿಲ್ಲ. ಬನ್ನನ್ನು ನಾನು ಬೀದಿನಾಯಿಗೆ ಹಾಕಿದೆ.

ಎರಡೂವರೆ ವರ್ಷ ಚಿಕಿತ್ಸೆ ನಡೆಯಿತು. ಔಷಧಿ ಏರಿಸಿಕೊಂಡು ಬಂದಾಗ ಸೀನ ಒಗ್ಗರಣೆಯ ವಾಸನೆಗೇ ವಾಂತಿ ಮಾಡುತ್ತಿದ್ದ. ಕೂದಲೆಲ್ಲ ಉದುರಿತು. ಸೋಂಕು ತಗುಲಬಾರದೆಂದು ನೀರು ಕಾಯಿಸಿಯೇ ಕೊಡಬೇಕು, ತೋಟದ ಹಣ್ಣು ಮುಟ್ಟಿಸುವ ಹಾಗಿಲ್ಲ. ದೊಡ್ಡಮ್ಮ ಅವನ ಲೋಟವನ್ನು ಬಚ್ಚಲ ಪಕ್ಕ ಬೇರೆ ಇಟ್ಟಳು.

"ಅಂಟಲ್ಲ ಅಂದ್ರಲ್ಲ ಡಾಕ್ಟ್ರು!"

"ಡಾಕ್ಟ್ರು ಬಂದು ನಮ್ಮನೇಲಿ ಇರ್ತಾರಾ?"

ಅವನು ಕುಡಿದು ಬಿಟ್ಟ ನೀರನ್ನು ಅವಳ ಮುಖ ನೋಡಿಕೊಂಡೇ ಗಟಗಟ ಕುಡಿದೆ. ಲೋಟ ಮತ್ತೆ ಅಡುಗೆಮನೆಗೆ ಬಂತು.

ಒಂದು ಮಧ್ಯಾಹ್ನ ಬೋಳುತಲೆಯ ಸೀನ ನನ್ನ ಜಡೆ ಎಳೆದ. ಕೈಯೆತ್ತಿದವಳು ಹಾಗೇ ನಿಂತುಬಿಟ್ಟೆ.

"ಹೊಡಿಯಕ್ಕ."

"ಕಲೆ ಬೀಳ್ತದೆ ಕಣೋ."

"ಬಿದ್ರೆ ಬೀಳ್ಲಿ. ನೀನು ಹೊಡೀದಿದ್ರೆ ನಾನು ಸತ್ತೋಗ್ತೀನೇನೋ ಅನ್ಸ್ತದೆ."

ನಾನು ಹೊಡೆಯಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ.

ಸೀನ ಸಾಯಲಿಲ್ಲ. ಈಗ ಅವನಿಗೆ ಮೀಸೆ, ಸಂಸಾರ, ಸಣ್ಣ ಹೊಟ್ಟೆ ಎಲ್ಲ ಇದೆ. ತನ್ನ ಹರಕೆಯಿಂದಲೇ ಉಳಿದ ಎಂದು ದೊಡ್ಡಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ನನ್ನ ಹತ್ತಿರ ತಪ್ಪಾಯಿತು ಎಂದವರು ಇವತ್ತಿಗೂ ಒಬ್ಬರಿಲ್ಲ. ಹೋಗಲಿ, ಅದು ಬೇಡ. ಆದರೆ ಊರಿಗೆ ಹೋದಾಗಲೆಲ್ಲ ಅವನು ನನ್ನ ಎಲೆಯಿಂದ ಹಪ್ಪಳ ಕದ್ದು, ತೋಳು ಚಾಚಿ, "ಹೊಡಿಯಕ್ಕ" ಎಂದು ನಗುತ್ತಾನೆ.

ನಾನು ಮೊದಲು ಆ ತೋಳಿನಲ್ಲಿ ಕಲೆ ಹುಡುಕುತ್ತೇನೆ. ಕೈ ಮಾತ್ರ ಏಳುವುದಿಲ್ಲ.